ವಿಮಾನದ ಬೋಲ್ಟಿಗೆ ಅಷ್ಟು ಬೆಲೆ ಯಾಕೆ, ನಕಲಿ ಭಾಗ ಒಳಗೆ ಬರುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ವಾಹನಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ನಮ್ಮಲ್ಲಿ ಒರಿಜಿನಲ್, ಲೋಕಲ್, ಡೂಪ್ಲಿಕೇಟ್ ಮೂರೂ ಓಡುತ್ತವೆ. ಲಂಡನ್ನಿನ ಒಂದು ಕಂಪನಿ ಸುಳ್ಳು ಸರ್ಟಿಫಿಕೇಟ್ ಕೊಟ್ಟು ವಿಮಾನದ ಎಂಜಿನ್ ಭಾಗಗಳನ್ನು ಮಾರಿತ್ತು ಎಂದು ಓದಿದೆ. ಅಷ್ಟು ತಪಾಸಣೆ ಇರುವ ಕಡೆ ಇದು ಹೇಗೆ ನಡೆಯಿತು? ಹಳೆ ವಿಮಾನ ಬಿಚ್ಚಿದ ಭಾಗ ಹಾಕುತ್ತಾರಂತೆ, ನಿಜವೇ? ಟಿಕೆಟ್ ಅಗ್ಗ ಇಡುವ ಕಂಪನಿಗಳು ರಿಪೇರಿಯಲ್ಲಿ ದುಡ್ಡು ಉಳಿಸುತ್ತವೆಯೇ? ಕೊನೆಯದಾಗಿ, ಪಿಯುಸಿ ಮುಗಿಸಿದ ಮಗಳು ವಿಮಾನ ನಿರ್ವಹಣೆಯ ಎಎಂಇ ಕೋರ್ಸ್ ಸೇರುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳುತ್ತೀರಿ?

ಉತ್ತರ: ನೀವು ಸ್ಪೇರ್ ಪಾರ್ಟ್ಸ್ ವ್ಯಾಪಾರದಲ್ಲೇ ಇರುವವರು. ಹಾಗಾಗಿ ನನಗೆ ಅರ್ಧ ಕೆಲಸ ಕಡಿಮೆಯಾಯಿತು. ಮೊದಲು ಲಂಡನ್ ವಿಷಯ ಮುಗಿಸೋಣ, ಉಳಿದ ಪ್ರಶ್ನೆಗಳಿಗೆ ದಾರಿ ಅದರಲ್ಲೇ ಇದೆ.

ಆ ಕಂಪನಿಯ ಹೆಸರು ಎಒಜಿ ಟೆಕ್ನಿಕ್ಸ್. 2015ರಲ್ಲಿ ಶುರುವಾದ ಸಣ್ಣ ಸಂಸ್ಥೆ. ತಾನೇ ಏನನ್ನೂ ತಯಾರಿಸುತ್ತಿರಲಿಲ್ಲ, ಕೊಂಡು ಮಾರುತ್ತಿತ್ತು. ಮಾರಿದ್ದು ಹೆಚ್ಚಾಗಿ ಸಿಎಫ್‌ಎಂ56 ಎಂಜಿನ್ನಿನ ಭಾಗಗಳನ್ನು. ಇದು ಅಮೆರಿಕದ ಜಿಇ ಮತ್ತು ಫ್ರಾನ್ಸಿನ ಸಫ್ರಾನ್ ಸೇರಿ ಮಾಡುವ ಎಂಜಿನ್. ಹಿಂದಿನ ತಲೆಮಾರಿನ ಬೋಯಿಂಗ್ 737ಗಳಲ್ಲಿ ಮತ್ತು ಬಹಳಷ್ಟು ಏರ್‌ಬಸ್ ಎ320 ವಿಮಾನಗಳಲ್ಲಿ ಇದೇ ಇರುವುದು. ಜಗತ್ತಿನಲ್ಲಿ ಸುಮಾರು 23,000 ಎಂಜಿನ್‌ಗಳಿವೆ ಅಂದರೆ ಭಾಗಗಳಿಗೆ ಎಷ್ಟು ಬೇಡಿಕೆ ಇರಬಹುದು, ನೀವೇ ಅಂದಾಜು ಮಾಡಿ.

2023ರಲ್ಲಿ ಪೋರ್ಚುಗಲ್‌ನ ಟಿಎಪಿ ಏರ್‌ಲೈನ್ಸ್‌ನ ವರ್ಕ್‌ಶಾಪಿನಲ್ಲಿ ನಡುಕ ತಗ್ಗಿಸುವ ಡ್ಯಾಂಪರ್ ಎಂಬ ಒಂದು ಭಾಗದ ಮೇಲೆ ಅನುಮಾನ ಬಂತು. ಕಾಗದದಲ್ಲಿ ಹೊಸದು ಅಂತಿದೆ, ಕೈಯಲ್ಲಿ ಹಿಡಿದರೆ ಹಳೆಯದರ ಹಾಗಿದೆ. ಅವರು ಸಫ್ರಾನ್‌ಗೆ ಬರೆದು ಕೇಳಿದರು. ಈ ಸರ್ಟಿಫಿಕೇಟ್ ನಮ್ಮದಲ್ಲ ಎಂದು ಉತ್ತರ ಬಂತು. ಆಮೇಲೆ ಎಳೆ ಹಿಡಿದು ಎಳೆದ ಹಾಗೆಲ್ಲ ಬಿಚ್ಚಿಕೊಳ್ಳುತ್ತಾ ಹೋಯಿತು. ಡೆಲ್ಟಾ, ಅಮೆರಿಕನ್, ಯುನೈಟೆಡ್, ಸೌತ್‌ವೆಸ್ಟ್, ರಯಾನ್‌ಏರ್ ಹೀಗೆ ದೊಡ್ಡ ದೊಡ್ಡವರ ಎಂಜಿನ್‌ಗಳಲ್ಲೂ ಆ ಭಾಗಗಳು ಸಿಕ್ಕವು. ಆ ವರ್ಷದ ಅಕ್ಟೋಬರ್ ಹೊತ್ತಿಗೆ ನೂರಕ್ಕೂ ಹೆಚ್ಚು ಎಂಜಿನ್‌ಗಳು ಪಟ್ಟಿಗೆ ಬಂದಿದ್ದವು. ಕಂಪನಿಯ ಕೆಲವು 'ಅಧಿಕಾರಿಗಳ' ಆನ್‌ಲೈನ್ ಫೋಟೋಗಳು ಕೂಡ ಮಾರಾಟಕ್ಕೆ ಸಿಗುವ ಮಾಡೆಲ್ ಫೋಟೋಗಳಾಗಿದ್ದವು! 2019ರಿಂದ 2023ರೊಳಗೆ 60,000ಕ್ಕೂ ಹೆಚ್ಚು ಭಾಗಗಳನ್ನು ಹೀಗೆ ಮಾರಲಾಗಿತ್ತು ಎಂಬುದು ಬ್ರಿಟನ್ನಿನ ತನಿಖಾ ಸಂಸ್ಥೆಯ ಲೆಕ್ಕ. 2025ರ ಡಿಸೆಂಬರ್‌ನಲ್ಲಿ ಕಂಪನಿಯ ನಿರ್ದೇಶಕ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ.

ಇಲ್ಲಿ ಗಮನಿಸಬೇಕಾದ್ದು, ಮಾರಿದ್ದು ಎಂಥ ಭಾಗಗಳನ್ನು ಎಂಬುದು. ಬುಷ್, ಸೀಲ್, ವಾಷರ್, ಬೋಲ್ಟ್, ಬ್ರ್ಯಾಕೆಟ್ ಇಂಥವೇ ಜಾಸ್ತಿ. ಎಂಜಿನ್ ಒಳಗೆ ತಿರುಗುವ ಟರ್ಬೈನ್ ಡಿಸ್ಕ್‌ನಂಥ ದೊಡ್ಡ ಭಾಗಕ್ಕೆ ಅದರದೇ ಸೀರಿಯಲ್ ನಂಬರ್ ಇರುತ್ತದೆ, ಹುಟ್ಟಿನಿಂದ ದಾಖಲೆ ಇರುತ್ತದೆ. ಅದರಲ್ಲಿ ಆಟ ಆಡುವುದು ಕಷ್ಟ. ಸಣ್ಣ ಭಾಗಗಳು ಬ್ಯಾಚ್ ಲೆಕ್ಕದಲ್ಲಿ ಪೊಟ್ಟಣದಲ್ಲಿ ಬರುತ್ತವೆ. ಒಂದು ವಾಷರ್ ವಿಷಯಕ್ಕೆ ಫ್ಯಾಕ್ಟರಿಗೆ ಫೋನ್ ಮಾಡುವವರು ಯಾರು? ಆ ನಿರ್ದೇಶಕನಿಗೆ ಅದು ಗೊತ್ತಿತ್ತು.

ತಪಾಸಣೆ ಎಲ್ಲಿ ಹೋಗಿತ್ತು ಅಂತ ಕೇಳಿದ್ದೀರಿ. ಭಾಗ ತಯಾರಿಸುವವರಿಗೆ ಸರ್ಕಾರದ ಅನುಮತಿ ಬೇಕು. ಭಾಗ ಜೋಡಿಸುವ ವರ್ಕ್‌ಶಾಪಿಗೂ ಬೇಕು. ಅಮೆರಿಕದಲ್ಲಿ, ಯುರೋಪಿನಲ್ಲಿ ನಡುವಿನ ವ್ಯಾಪಾರಿಗೆ ಮಾತ್ರ ಅಂಥ ಕಡ್ಡಾಯ ಇಲ್ಲ. ತಾವೇ ಮುಂದೆ ಬಂದು ಪಡೆಯುವ ಮಾನ್ಯತೆ ಇದೆ, ಬೇಕಾದವರು ಪಡೆಯುತ್ತಾರೆ. ಹಾಗಾಗಿ ಬಾಗಿಲು ಕಾಯುವ ಕೆಲಸವೆಲ್ಲ ಕೊಳ್ಳುವವರ ಸ್ಟೋರ್ಸ್ ಮೇಲೆ ಬೀಳುತ್ತದೆ.

ಸ್ಟೋರ್ಸ್‌ನಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ನಾನು ಹೆಚ್ಚು ಕಾಲ ಕಳೆದದ್ದು ಕ್ವಾಲಿಟಿ ವಿಭಾಗದಲ್ಲೇ. ಪೆಟ್ಟಿಗೆ ಬಂದ ಕೂಡಲೇ ಅದು ನೇರ ರ‍್ಯಾಕ್‌ಗೆ ಹೋಗುವಂತಿಲ್ಲ. ಬೀಗ ಇರುವ ಬೇರೆ ಜಾಗದಲ್ಲಿ ಇಡುತ್ತಾರೆ. ಇನ್‌ಸ್ಪೆಕ್ಟರ್ ಅದರ ಜೊತೆ ಬಂದ ಒಂದು ಹಾಳೆಯ ಸರ್ಟಿಫಿಕೇಟ್ ತೆಗೆಯುತ್ತಾರೆ. ಯುರೋಪಿನದಾದರೆ ಈಎಎಸ್‌ಎ ಫಾರ್ಮ್ 1, ಅಮೆರಿಕದ್ದಾದರೆ 8130-3, ನಮ್ಮದಾದರೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಸಿಎ ಫಾರ್ಮ್ 1. ಪಾರ್ಟ್ ನಂಬರ್, ಸೀರಿಯಲ್ ಅಥವಾ ಬ್ಯಾಚ್ ನಂಬರ್, ಎಷ್ಟು ಸಂಖ್ಯೆ ಎಂಬುದನ್ನು ಭಾಗದ ಮೇಲೆ ಕೊರೆದದ್ದಕ್ಕೆ ತಾಳೆ ನೋಡುತ್ತಾರೆ. ಫಾರ್ಮಿನ 11ನೇ ಮನೆಯಲ್ಲಿ ಅದು ಹೊಸದೋ, ರಿಪೇರಿ ಆದದ್ದೋ, ಪೂರ್ತಿ ಓವರ್‌ಹಾಲ್ ಆದದ್ದೋ ಎಂದು ಇರುತ್ತದೆ. 12ನೇ ಮನೆಯ ಷರಾ ಓದದೆ ಮುಂದೆ ಹೋಗಬಾರದು, ಬಹಳ ಸಲ ನಿಜವಾದ ಸುದ್ದಿ ಅಲ್ಲೇ ಇರುತ್ತದೆ. ರಬ್ಬರ್ ಸೀಲ್ ಆದರೆ ತಯಾರಾದ ದಿನ, ಆಯಸ್ಸು ಮುಗಿಯುವ ದಿನ. ಪ್ಯಾಕಿಂಗ್ ಹಿಂದೆ ಯಾರಾದರೂ ಬಿಚ್ಚಿ ಅಂಟಿಸಿದ್ದಾರಾ? ಅಚ್ಚಿನಲ್ಲಿ ಅಕ್ಷರ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇದೆಯಾ? ಸಹಿ ಫೋಟೋಕಾಪಿ ಥರ ಇದೆಯಾ? ಒಳ್ಳೆ ಇನ್‌ಸ್ಪೆಕ್ಟರ್ ಭಾಗವನ್ನು ಬೆರಳಲ್ಲಿ ತಿರುಗಿಸಿ ಅಂಚು ನೋಡುತ್ತಾರೆ. ಒಮ್ಮೆ ಬಿಗಿದು ಬಿಚ್ಚಿದ ಭಾಗದಲ್ಲಿ ಗುರುತು ಉಳಿಯುತ್ತದೆ. ಟಿಎಪಿಯ ಲಿಸ್ಬನ್ ವರ್ಕ್‌ಶಾಪಿನಲ್ಲಿ ಹಗರಣ ಹಿಡಿದದ್ದು ಯಾವ ಯಂತ್ರವೂ ಅಲ್ಲ, ಇಂಥದೇ ಒಂದು ಜೋಡಿ ಕಣ್ಣು.

ಸರಿ, ಇಷ್ಟೆಲ್ಲ ಇದ್ದೂ ಇಂಥ ವ್ಯಾಪಾರಿಯ ಹತ್ತಿರ ಯಾಕೆ ಹೋಗುತ್ತಾರೆ? ಇಲ್ಲಿ ನಿಮ್ಮ ವ್ಯಾಪಾರಕ್ಕೂ ನಮ್ಮದಕ್ಕೂ ದೊಡ್ಡ ವ್ಯತ್ಯಾಸ ಇದೆ. ನಿಮ್ಮ ಗಿರಾಕಿ ಡೂಪ್ಲಿಕೇಟ್ ಕೇಳುವುದು ಅಗ್ಗ ಅಂತ. ವಿಮಾನದ ಸ್ಟೋರ್ಸ್‌ನವರು ಗೊತ್ತಿಲ್ಲದ ವ್ಯಾಪಾರಿಗೆ ಫೋನ್ ಮಾಡುವುದು ಬಹುಪಾಲು 'ಸ್ಟಾಕ್ ಇದೆ' ಅನ್ನುವ ಒಂದೇ ಮಾತಿಗೆ. ವಿಮಾನ ಭಾಗ ಇಲ್ಲದೆ ನೆಲದಲ್ಲಿ ನಿಂತರೆ ಅದನ್ನು ನಮ್ಮಲ್ಲಿ ಎಒಜಿ ಅನ್ನುತ್ತಾರೆ. ಎ320 ಒಂದು ನಿಂತರೆ ಒಂದೊಂದು ಸಲಕ್ಕೆ 180 ಪ್ರಯಾಣಿಕರು, ದಿನಕ್ಕೆ ಐದಾರು ಸಲದ ಹಾರಾಟ, ಜೊತೆಗೆ ವಿಮಾನದ ಬಾಡಿಗೆ. ಅದರ ಮುಂದೆ ಬುಷ್ ಒಂದರ ಬೆಲೆ ಲೆಕ್ಕಕ್ಕೇ ಇಲ್ಲ. ತಯಾರಕರು ಎರಡು ತಿಂಗಳು ಬಿಟ್ಟು ಕೊಡುತ್ತೇವೆ ಅನ್ನುತ್ತಾರೆ, ಇನ್ನೊಬ್ಬ ನಾಳೆ ಬೆಳಿಗ್ಗೆ ಅನ್ನುತ್ತಾನೆ. ಕೋವಿಡ್ ಆದ ಮೇಲೆ ಭಾಗಗಳ ಬರ ಜೋರಾಯಿತು, ಇಂಥವರಿಗೆ ಹಬ್ಬವಾಯಿತು. ಹಾಗಾಗಿ ವಿಮಾನ ನಿರ್ವಹಣೆಯಲ್ಲಿ ಗುಣಮಟ್ಟವನ್ನು ತಿನ್ನುವುದು ದುಡ್ಡಿನ ಆಸೆಗಿಂತ ಜಾಸ್ತಿ ಸಮಯದ ಒತ್ತಡ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವ ಹಲವು ಅಪಘಾತಗಳಲ್ಲೂ ಅದನ್ನೇ ಕಾಣುತ್ತೀರಿ.

ಈಗ ಬೋಲ್ಟಿನ ಬೆಲೆ. ನೋಡಲು ನಿಮ್ಮ ಅಂಗಡಿಯ ಬೋಲ್ಟಿನ ಥರವೇ ಇರುತ್ತದೆ, ಬೆಲೆ ಎಷ್ಟೋ ಪಟ್ಟು. ಲೋಹ ಯಾವ ಕರಗು ಕುಲುಮೆಯಿಂದ, ಯಾವ ಬ್ಯಾಚಿನಲ್ಲಿ ಬಂತು, ಹೇಗೆ ಕಾಯಿಸಿ ಹದ ಮಾಡಿದರು, ಬ್ಯಾಚಿನಿಂದ ಎಷ್ಟನ್ನು ಎಳೆದು ಮುರಿದು ನೋಡಿದರು ಎಂಬುದೆಲ್ಲ ದಾಖಲಾಗಬೇಕು. ಆ ದಾಖಲೆಗಳನ್ನು ವರ್ಷಗಟ್ಟಲೆ ಕಾಯ್ದಿಡಬೇಕು. ತಯಾರಾಗುವ ಸಂಖ್ಯೆಯೂ ಕಾರಿನ ಬೋಲ್ಟಿಗೆ ಹೋಲಿಸಿದರೆ ತೀರ ಕಡಿಮೆ. ನಾಳೆ ಏನಾದರೂ ಆದರೆ ಹೊಣೆ ಹೊರುವವರು ಇರಬೇಕು. ಸೈಟು ಕೊಳ್ಳುವಾಗ ನಾವು ಮದರ್ ಡೀಡ್, ಇಸಿ, ಖಾತೆ ಎಲ್ಲ ಕೇಳುತ್ತೇವೆ ಅಲ್ವಾ? ಮಣ್ಣು ಎಲ್ಲ ಕಡೆ ಮಣ್ಣೇ, ಕಾಗದ ಇಲ್ಲದ ಸೈಟಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ವಿಮಾನದ ಭಾಗವೂ ಹಾಗೆ. ಕಾಗದ ಕಳೆದುಹೋದ ಡಿಸ್ಕ್ ಎಷ್ಟೇ ಹೊಳೆಯುತ್ತಿರಲಿ, ಗುಜರಿಗೇ ಹೋಗಬೇಕು. ಎಂಜಿನ್ ಒಳಗೆ ತಿರುಗುವ ಮುಖ್ಯ ಡಿಸ್ಕ್‌ಗಳಿಗೆ ಇಂತಿಷ್ಟು ಹಾರಾಟ ಎಂಬ ಮಿತಿ ಇದೆ. ಹಲವಕ್ಕೆ ಅದು 20,000ದ ಆಸುಪಾಸು. ಮೊದಲ ಹಾರಾಟದಿಂದ ಪ್ರತಿಯೊಂದರ ಲೆಕ್ಕ ಇಲ್ಲದಿದ್ದರೆ ಇನ್ನೆಷ್ಟು ಆಯಸ್ಸು ಉಳಿದಿದೆ ಎಂದು ಹೇಳಲು ಯಾರಿಂದಲೂ ಆಗದು.

ಈ ಕಾಗದಪತ್ರ ಸುಮ್ನೆ ಸರ್ಕಾರಿ ಕಿರಿಕಿರಿ ಅನ್ನಿಸಬಹುದು. ಹಾಗಲ್ಲ ಅನ್ನುವುದಕ್ಕೆ ನಮ್ಮ ದೇಶಕ್ಕೆ ಚೆನ್ನಾಗಿ ಬಿಸಿ ಮುಟ್ಟಿಸಿದ ಉದಾಹರಣೆ ಇದೆ. ಹೊಸ ಎ320 ನಿಯೋ ವಿಮಾನಗಳಲ್ಲಿ ಬರುವ ಒಂದು ಬಗೆಯ ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನ್ನಿನ ಕೆಲವು ಡಿಸ್ಕ್‌ಗಳಲ್ಲಿ, ಲೋಹದ ಪುಡಿಯಲ್ಲೇ ಕಲ್ಮಶ ಸೇರಿತ್ತು ಎಂದು 2023ರ ಜುಲೈನಲ್ಲಿ ತಯಾರಕರೇ ಹೇಳಿದರು. ಇಲ್ಲಿ ಭಾಗ ಅಸಲಿ, ಕಾಗದ ಅಸಲಿ, ಆದರೂ ದೋಷ. ಆದರೆ 2015ರ ಕೊನೆಯಿಂದ 2021ರವರೆಗೆ ತಯಾರಾದ ಯಾವ ಡಿಸ್ಕ್ ಯಾವ ಎಂಜಿನ್ನಿನಲ್ಲಿ, ಯಾವ ವಿಮಾನದಲ್ಲಿ ಇದೆ ಎಂದು ದಾಖಲೆಯಿಂದ ಹುಡುಕಲು ಆಯಿತು. ಹುಡುಕಿ, ಬಿಚ್ಚಿ, ಪರೀಕ್ಷೆ ಮಾಡುತ್ತಾ ಬಂದರು. ಇಂಡಿಗೋದ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳು 2024ರ ಆರಂಭದಲ್ಲಿ ನಿಂತೇ ಇದ್ದವು, ಅದಕ್ಕೆ ಮುಖ್ಯ ಕಾರಣ ಈ ಎಂಜಿನ್. ನಷ್ಟ ದೊಡ್ಡದು, ನಿಜ. ಎಒಜಿ ಟೆಕ್ನಿಕ್ಸ್ ಮಾರಿದ ವಾಷರ್‌ಗಳನ್ನು ಹೀಗೆ ಹುಡುಕಲು ಹೊರಟಾಗ ಕಷ್ಟ ಬಂದದ್ದು ಇಲ್ಲೇ. ಸರ್ಟಿಫಿಕೇಟೇ ಸುಳ್ಳಾದ ಮೇಲೆ ಆ ವಾಷರ್ ಎಲ್ಲಿ ಹುಟ್ಟಿತು ಅಂತ ಯಾರನ್ನು ಕೇಳುವುದು?

ಆ ಲಂಡನ್ ಭಾಗಗಳಿಂದ ಅಪಘಾತ ಆದ ವರದಿ ಇಲ್ಲ. ಆದರೆ ನಕಲಿ ಭಾಗದಿಂದ ಜನ ಸತ್ತದ್ದು ಇದೆ. 1989ರ ಸೆಪ್ಟೆಂಬರ್ 8ರಂದು ಪಾರ್ಟ್‌ನೇರ್ ಎಂಬ ನಾರ್ವೆಯ ಕಂಪನಿಯ ಕಾನ್‌ವೇರ್ ವಿಮಾನ ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟಿತ್ತು. ಡೆನ್ಮಾರ್ಕ್ ಹತ್ತಿರ ಸಮುದ್ರಕ್ಕೆ ಬಿದ್ದು 55 ಜನರೂ ಸತ್ತರು. ಬಾಲದ ನೆಟ್ಟಗಿನ ರೆಕ್ಕೆಯನ್ನು ದೇಹಕ್ಕೆ ಬಿಗಿದಿದ್ದ ನಾಲ್ಕು ಬೋಲ್ಟ್‌ಗಳಲ್ಲಿ ಮೂರು ನಕಲಿ, ಬೇಕಾದಷ್ಟು ಗಟ್ಟಿ ಇರಲಿಲ್ಲ ಎಂದು ತನಿಖೆ ಹೇಳಿತು. ಹಿಂಭಾಗದ ಸಣ್ಣ ಸಹಾಯಕ ಎಂಜಿನ್ನಿನ ನಡುಕವೂ ಅದಕ್ಕೆ ಸೇರಿಕೊಂಡಿತ್ತು.

ಆದರೂ ಇಂಥ ಅಪಘಾತ ಅಪರೂಪ. ಅಸಲಿ ಭಾಗ, ಒಳ್ಳೆ ಮೆಕ್ಯಾನಿಕ್, ಹೆಸರಾಂತ ಕಂಪನಿ ಎಲ್ಲ ಇದ್ದೂ ಕೆಟ್ಟದ್ದೇ ಜಾಸ್ತಿ. ಬ್ರಿಟಿಷ್ ಏರ್‌ವೇಸ್‌ನ 5390 ಸಂಖ್ಯೆಯ ಹಾರಾಟ ನಮ್ಮ ಟ್ರೈನಿಂಗ್‌ನಲ್ಲಿ ಎಲ್ಲರಿಗೂ ಹೇಳುವ ಪಾಠ. 1990ರ ಜೂನ್ 10. ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ವಿಮಾನದ ಪೈಲಟ್ ಮುಂದಿನ ಗಾಜು ಆಕಾಶದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ನೇತಾಡಿದರು. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ಇಳಿಸಿದರು. ಪವಾಡ, ಕ್ಯಾಪ್ಟನ್ ಬದುಕಿದರು.

ಆ ಗಾಜನ್ನು ಹಾಕಿ ಇನ್ನೂ 27 ಗಂಟೆ ಆಗಿತ್ತಷ್ಟೆ. ನಡುರಾತ್ರಿ ದಾಟಿದ ಪಾಳಿ, ಜನ ಕಡಿಮೆ. ಪಾಳಿಯ ಮ್ಯಾನೇಜರ್ ಅನುಭವಿ, ಅವರೇ ಕೆಲಸಕ್ಕೆ ಕೈ ಹಾಕಿದರು. ಹಳೆ ಬೋಲ್ಟ್ ತೆಗೆದು, ಅದಕ್ಕೆ ಹೊಂದುವುದನ್ನು ಸ್ಟೋರ್ಸ್‌ನಲ್ಲಿ ಹುಡುಕಿದರು. ಹಳೆಯದೇ ತಪ್ಪು ಅಳತೆಯದು, ಸ್ವಲ್ಪ ಗಿಡ್ಡ. ಸ್ಟೋರ್ಸ್‌ನವರು ಈ ಕೆಲಸಕ್ಕೆ ಬೇರೆ ನಂಬರ್ ಬೋಲ್ಟ್ ಬರುತ್ತದೆ ಎಂದೂ ಹೇಳಿದ್ದರು. ಅಲ್ಲಿ ಸಾಕಷ್ಟು ಸ್ಟಾಕ್ ಇರಲಿಲ್ಲ. ಗಾಡಿ ತೆಗೆದುಕೊಂಡು ಇನ್ನೊಂದು ಸ್ಟೋರ್ಸ್‌ಗೆ ಹೋದರು. ಅಲ್ಲಿ ಕೇಳಲು ಯಾರೂ ಇಲ್ಲ, ಬೆಳಕೂ ಸರಿಯಿಲ್ಲ. ಕೈಯಲ್ಲಿ ಹಿಡಿದು ಕಣ್ಣಳತೆಯಲ್ಲಿ ಹೋಲಿಸಿ ತಂದರು. 90 ಬೋಲ್ಟ್‌ಗಳಲ್ಲಿ 84 ಅಡ್ಡಳತೆಯಲ್ಲಿ 0.026 ಇಂಚು ಸಣ್ಣವು. ಮಿಲಿಮೀಟರಿನ ಮೂರನೇ ಎರಡು ಭಾಗ. ಬೋಲ್ಟ್ ಬಿಗಿಯುವಾಗ ಬಿಗಿದ ಹಾಗೇ ಅನ್ನಿಸಿತು. ಗಾಜಿನ ಕೆಲಸಕ್ಕೆ ಎರಡನೆಯವರು ಬಂದು ನೋಡಬೇಕು ಎಂಬ ನಿಯಮವೂ ಆಗ ಇರಲಿಲ್ಲ.

ಇಲ್ಲಿ ಯಾರೂ ದುಡ್ಡು ತಿಂದಿಲ್ಲ. ಬೋಲ್ಟ್‌ಗಳು ನಕಲಿ ಅಲ್ಲ. ಕ್ಯಾಟಲಾಗ್ ತೆಗೆದು ನಂಬರ್ ನೋಡಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆಯೊಳಗೆ ವಿಮಾನ ಕೊಡಬೇಕು ಎಂಬ ಧಾವಂತ, 'ನನಗೆ ಗೊತ್ತು' ಎಂಬ ಅಭ್ಯಾಸ, ಇವೆರಡೇ ಸಾಕಾದವು.

ಇನ್ನು ಖರ್ಚು ಉಳಿಸುವ ವಿಷಯ. ಟಿಕೆಟ್ ಅಗ್ಗದ ಕಂಪನಿಗೂ ದುಬಾರಿ ಕಂಪನಿಗೂ ನಿರ್ವಹಣೆಯ ನಿಯಮ ಒಂದೇ. ಅಗ್ಗದವರು ಉಳಿಸುವುದು ಒಂದೇ ಮಾದರಿಯ ವಿಮಾನ ಇಟ್ಟುಕೊಂಡು, ದಿನಕ್ಕೆ ಜಾಸ್ತಿ ಹಾರಿಸಿ, ಊಟಕ್ಕೆ ಬೇರೆ ದುಡ್ಡು ತೆಗೆದುಕೊಂಡು. ಒಂದೇ ಮಾದರಿ ಇದ್ದರೆ ಭಾಗಗಳ ಸ್ಟಾಕ್ ಇಡುವುದೂ, ಎಂಜಿನಿಯರ್‌ಗಳಿಗೆ ತರಬೇತಿ ಕೊಡುವುದೂ ಸುಲಭ. ಹಾಗಾಗಿ ಟಿಕೆಟ್ ದರ ನೋಡಿ ಹೆದರಬೇಕಿಲ್ಲ. ಉಳಿತಾಯ ಅಪಾಯ ಆಗುವುದು ಬೇರೆ ದಾರಿಯಲ್ಲಿ. ಅದು ಇಷ್ಟಿಷ್ಟೇ ಬರುತ್ತದೆ, ಪ್ರತಿ ಹೆಜ್ಜೆಗೂ ಯಾರದೋ ಒಪ್ಪಿಗೆ ಇರುತ್ತದೆ.

ಅಲಾಸ್ಕಾ ಏರ್‌ಲೈನ್ಸ್ 261ರ ಕಥೆ ನೋಡಿ. 2000ದ ಜನವರಿ 31ರಂದು ಕ್ಯಾಲಿಫೋರ್ನಿಯಾ ತೀರದ ಸಮುದ್ರಕ್ಕೆ ಬಿದ್ದು 88 ಜನ ಸತ್ತರು. ಬಾಲದ ಅಡ್ಡ ರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಒಂದು ದೊಡ್ಡ ಸ್ಕ್ರೂ, ಅದರ ಮೇಲೊಂದು ನಟ್. ಆ ನಟ್‌ನ ಮರೆಗಳು (ಥ್ರೆಡ್) ಪೂರ್ತಿ ಸವೆದುಹೋಗಿದ್ದವು. ಸ್ಕ್ರೂ ಕೆಲಸ ಮಾಡುವ ಜಾಗದಲ್ಲಿ ಗ್ರೀಸ್ ಇರಲಿಲ್ಲ. 1980ರ ದಶಕದ ಮಧ್ಯದಲ್ಲಿ ಆ ಕಂಪನಿ ಸುಮಾರು 700 ಗಂಟೆ ಹಾರಾಟಕ್ಕೊಮ್ಮೆ ಗ್ರೀಸ್ ಹಾಕುತ್ತಿತ್ತು. ಆಮೇಲೆ ಸಾವಿರವಾಯಿತು, ಇನ್ನೂ ಹಿಗ್ಗಿತು. 1996ರಲ್ಲಿ ಎಂಟು ತಿಂಗಳಿಗೊಮ್ಮೆ ಅಂತಾಯಿತು, ಅಂದರೆ ಹತ್ತಿರ ಹತ್ತಿರ 2,550 ಗಂಟೆ. ಇದಕ್ಕೆಲ್ಲ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೇಡ ಅನ್ನಲಿಲ್ಲ. ಹಾಗಾಗಿ ಅವಧಿ ಹಿಗ್ಗಿಸಿದ್ದು ಕಾನೂನಿಗೆ ವಿರುದ್ಧ ಆಗಿರಲಿಲ್ಲ. ಒಂದು ಡಬ್ಬ ಗ್ರೀಸ್‌ಗೆ ಎಷ್ಟು ಮಹಾ ಖರ್ಚು? ಉಳಿದದ್ದು ಗ್ರೀಸ್ ಅಲ್ಲ, ವಿಮಾನ ಹ್ಯಾಂಗರ್‌ನಲ್ಲಿ ನಿಲ್ಲುವ ಸಮಯ.

ಇನ್ನೂ ಕೇಳಿ. 1997ರ ಸೆಪ್ಟೆಂಬರ್‌ನಲ್ಲಿ ಇದೇ ವಿಮಾನ ಓಕ್‌ಲ್ಯಾಂಡಿನ ಹ್ಯಾಂಗರ್‌ನಲ್ಲಿತ್ತು. ಆ ಸ್ಕ್ರೂ-ನಟ್ಟಿನ ಆಟ, ಅಂದರೆ ಸಡಿಲ, ಎಷ್ಟಿದೆ ಎಂದು ಅಳೆದರು. 0.040 ಇಂಚು ಬಂತು, ಅಂದರೆ ಸರಿಯಾಗಿ ಗರಿಷ್ಠ ಮಿತಿ. ಬದಲಾಯಿಸಿ ಎಂದು ಆ ಪಾಳಿಯ ಮುಖ್ಯ ಮೆಕ್ಯಾನಿಕ್ ಬರೆದರು. ಆಮೇಲಿನ ಪಾಳಿಯವರು ಮತ್ತೆ ಮತ್ತೆ ಅಳೆದು 0.033 ಎಂದು ಬರೆದು ವಿಮಾನ ಬಿಟ್ಟುಕೊಟ್ಟರು. ಎರಡು ಅಳತೆಗಳ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ವ್ಯತ್ಯಾಸ ಇಲ್ಲ. ಮೊದಲ ಅಳತೆಯನ್ನು ಒಪ್ಪಿದ್ದರೆ ವಿಮಾನ ಇನ್ನಷ್ಟು ದಿನ ನಿಲ್ಲಬೇಕಿತ್ತು. ಇಂಥ ಕಡೆ ಕ್ವಾಲಿಟಿಯವರು ಕೇಳಬೇಕಾದ ಪ್ರಶ್ನೆ ಒಂದೇ: ನಮಗೆ ಬೇಕಾದ ಉತ್ತರ ಬರುವ ತನಕ ಅಳೆಯುತ್ತಾ ಇದ್ದೇವಾ?

ಇದಕ್ಕೂ ಹಳೆಯದು 1979ರ ಮೇ 25ರ ಷಿಕಾಗೊ ದುರಂತ. ಡಿಸಿ-10 ವಿಮಾನ ಏಳುವಾಗಲೇ ಎಡ ಎಂಜಿನ್ ಕಿತ್ತುಬಿತ್ತು, ನೆಲದಲ್ಲಿದ್ದ ಇಬ್ಬರೂ ಸೇರಿ 273 ಸಾವು. ಎಂಜಿನ್ ಬೇರೆ, ಅದನ್ನು ರೆಕ್ಕೆಗೆ ಹಿಡಿಸುವ ಪೈಲಾನ್ ಬೇರೆ ಬಿಚ್ಚಿ ಎಂದು ತಯಾರಕರು ಹೇಳಿದ್ದರು. ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್‌ನಲ್ಲಿ ಇಳಿಸಿದರೆ ಒಂದೊಂದು ವಿಮಾನಕ್ಕೆ ಸುಮಾರು 200 ಮಾನವ-ಗಂಟೆ ಉಳಿಯುತ್ತಿತ್ತು. ಫೋರ್ಕ್‌ಲಿಫ್ಟ್ ಒಂದಿಷ್ಟು ಅಲ್ಲಾಡಿದರೂ ಕೀಲಿನ ಜಾಗಕ್ಕೆ ಪೆಟ್ಟು. ಬಿರುಕು ಬಿದ್ದದ್ದು ಯಾರಿಗೂ ಕಾಣಲಿಲ್ಲ.

ಹಳೆ ವಿಮಾನದ ಭಾಗ ಹಾಕುತ್ತಾರೆ ಎಂಬುದು ನಿಜ, ಅದರಲ್ಲಿ ಕದ್ದುಮುಚ್ಚಿ ಏನೂ ಇಲ್ಲ. ನಿವೃತ್ತಿಯಾದ ವಿಮಾನವನ್ನು ಬಿಚ್ಚಿ, ಭಾಗಗಳನ್ನು ಅನುಮತಿ ಇರುವ ವರ್ಕ್‌ಶಾಪಿನಲ್ಲಿ ಪರೀಕ್ಷಿಸಿ, ಬೇಕಾದರೆ ಓವರ್‌ಹಾಲ್ ಮಾಡಿ, ಹೊಸ ಸರ್ಟಿಫಿಕೇಟ್ ಜೊತೆ ಮಾರುತ್ತಾರೆ. ಲ್ಯಾಂಡಿಂಗ್ ಗೇರ್, ಪಂಪು, ಕಂಪ್ಯೂಟರ್ ಎಲ್ಲ ಹೀಗೆ ಒಂದು ವಿಮಾನದಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತವೆ. ಮೂಲ ತಯಾರಕರಲ್ಲದೆ ಬೇರೆಯವರು ಎಫ್‌ಎಎ ಅನುಮತಿ ಪಡೆದು ಮಾಡುವ ಪಿಎಂಎ ಭಾಗಗಳೂ ಇವೆ. ನಿಮ್ಮ ಭಾಷೆಯಲ್ಲಿ 'ಲೋಕಲ್' ಅನ್ನಬಹುದು, ಆದರೆ ಕಳಪೆ ಅಲ್ಲ. ಬೆಲೆ ಕಡಿಮೆ. ಆದರೂ ವಿಮಾನ ಬಾಡಿಗೆಗೆ ಕೊಡುವ ಕಂಪನಿಗಳು ಎಷ್ಟೋ ಸಲ ಎಂಜಿನ್‌ಗೆ ಅವನ್ನು ಹಾಕಬೇಡಿ ಅನ್ನುತ್ತವೆ. ವಾಪಸ್ ತೆಗೆದುಕೊಂಡು ಬೇರೆಯವರಿಗೆ ಕೊಡುವಾಗ ಬೆಲೆ ಇಳಿಯುತ್ತದೆ ಅನ್ನುವ ಲೆಕ್ಕ.

ಗಾಬರಿಯ ವಿಷಯ ಬೇರೆ ಕಡೆ ಇದೆ: ಗುಜರಿಗೆ ಹೋಗಬೇಕಾದದ್ದು ಗುಜರಿಗೆ ಹೋಗದಿರುವುದು. 1995ರ ಡಿಸೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ಕೊಲಂಬಿಯಾದ ಕಾಲಿ ಹತ್ತಿರ ಬೆಟ್ಟಕ್ಕೆ ಬಡಿಯಿತು. ಅವಶೇಷಗಳಿಂದ ಕಳ್ಳರು ಹೆಲಿಕಾಪ್ಟರ್ ತಂದು ಭಾಗಗಳನ್ನು ಹೊತ್ತೊಯ್ದರು. ಅವು ಮಯಾಮಿಯ ಕಪ್ಪು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡವು. ಕಳೆದುಹೋದ ಭಾಗಗಳ ಸೀರಿಯಲ್ ನಂಬರ್ ಸಮೇತ 14 ಪುಟದ ಪಟ್ಟಿಯನ್ನು ಏರ್‌ಲೈನ್ಸ್ ಪ್ರಕಟಿಸಬೇಕಾಯಿತು. ಇದಕ್ಕೇ ನಮ್ಮಲ್ಲಿ ಆಯಸ್ಸು ಮುಗಿದ ಭಾಗವನ್ನು ಹಾಗೇ ಬಿಸಾಡುವುದಿಲ್ಲ. ಕತ್ತರಿಸಿ, ತೂತು ಕೊರೆದು, ಮತ್ತೆ ಉಪಯೋಗಿಸಲು ಬಾರದ ಹಾಗೆ ಹಾಳು ಮಾಡಿಯೇ ಗುಜರಿಗೆ ಕೊಡಬೇಕು. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಿಮ್ಮ ವ್ಯಾಪಾರದಲ್ಲೂ ಹಳೆ ಬೇರಿಂಗ್ ಪಾಲಿಶ್ ಆಗಿ ಹೊಸ ಡಬ್ಬದಲ್ಲಿ ವಾಪಸ್ ಬಂದದ್ದನ್ನು ನೋಡಿರುತ್ತೀರಿ, ನಿಮಗೆ ವಿಚಿತ್ರ ಅನ್ನಿಸಲಾರದು.

ನಮ್ಮ ದೇಶದಲ್ಲಿ ಖರ್ಚಿನ ಲೆಕ್ಕ ಬಹಳ ಕಾಲ ಉಲ್ಟಾ ಇತ್ತು. ಇಲ್ಲಿ ನಿರ್ವಹಣೆ ಮಾಡಿಸಿದರೆ 18 ಪರ್ಸೆಂಟ್ ಜಿಎಸ್‌ಟಿ. ವಿಮಾನವನ್ನು ಸಿಂಗಪುರಕ್ಕೋ ಶ್ರೀಲಂಕಾಕ್ಕೋ ಕಳಿಸುವುದೇ ಲಾಭ ಅನ್ನಿಸುತ್ತಿತ್ತು. 2020ರ ಏಪ್ರಿಲ್‌ನಿಂದ ಅದು 5 ಪರ್ಸೆಂಟ್ ಆಯಿತು. 2024ರ ಜುಲೈನಿಂದ ಹೊರಗಿನಿಂದ ತರಿಸುವ ಭಾಗ, ಉಪಕರಣಗಳಿಗೂ ಒಂದೇ 5 ಪರ್ಸೆಂಟ್. ಈಗ ಕೆಲಸ ಇಲ್ಲಿಗೆ ಬರುತ್ತಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಏರ್ ಇಂಡಿಯಾ 35 ಎಕರೆಯಲ್ಲಿ ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಜೊತೆ ದೊಡ್ಡ ನೆಲೆ ಮಾಡಿಕೊಳ್ಳುತ್ತಿದೆ, ಇಂಡಿಗೋದ ಹ್ಯಾಂಗರ್ ಅಲ್ಲಿ ಆಗಲೇ ಇದೆ. ಹೊಸೂರಿನಲ್ಲಿ ಏರ್ ವರ್ಕ್ಸ್ ಇದೆ. ಹೈದರಾಬಾದಿನಲ್ಲಿ ಸಫ್ರಾನ್ ಲೀಪ್ ಎಂಬ ಹೊಸ ತಲೆಮಾರಿನ ಎಂಜಿನ್ ಬಿಚ್ಚಿ ಜೋಡಿಸುವ ಕೇಂದ್ರ ತೆರೆದಿದೆ. ಕಟ್ಟಡ ಬೇಗ ಏಳುತ್ತದೆ, ಸಹಿ ಹಾಕುವ ಅರ್ಹತೆ ಇರುವ ಎಂಜಿನಿಯರ್ ತಯಾರಾಗಲು ವರ್ಷಗಳೇ ಬೇಕು. ನನಗೆ ಚಿಂತೆ ಇರುವುದು ಅಲ್ಲಿ.

'ಸಣ್ಣ ದೋಷ ಇಟ್ಟುಕೊಂಡೇ ಹಾರಿಸುತ್ತಾರಂತೆ' ಎಂದೂ ಕೆಲವರು ಕೇಳುತ್ತಾರೆ. ಹೌದು, ಅದಕ್ಕೆ ಎಂಇಎಲ್ ಎಂಬ ಪಟ್ಟಿ ಇದೆ. ಯಾವುದು ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನದೊಳಗೆ ಸರಿ ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಬಿ ವರ್ಗಕ್ಕೆ ಮೂರು ದಿನ, ಸಿಗೆ ಹತ್ತು, ಡಿಗೆ 120. ಮುಖ್ಯ ವ್ಯವಸ್ಥೆಗಳಿಗೆ ಬದಲಿ ಇರುವುದರಿಂದ ಇದು ನಡೆಯುತ್ತದೆ. ಪಟ್ಟಿಯಲ್ಲಿ ತಪ್ಪಿಲ್ಲ. ಭಾಗ ಬರಲಿಲ್ಲ ಅಂತ ಪದೇ ಪದೇ ಗಡುವು ಮುಂದೂಡುವ ಕಡೆ ಡಿಜಿಸಿಎ ಕಣ್ಣಿಡಬೇಕು.

ಈಗ ಮಗಳ ವಿಷಯ. ಕಳಿಸಿ, ಆದರೆ ಕೆಲವು ಗೊತ್ತಿರಲಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಬೇಕು. ಡಿಜಿಸಿಎಯ ಸಿಎಆರ್-147 ಅನುಮೋದನೆ ಇರುವ ಸಂಸ್ಥೆಗೇ ಸೇರಬೇಕು. ಅನುಮೋದನೆ ಯಾವ ವರ್ಗಕ್ಕೆ ಎಂದೂ ನೋಡಿ. ಎಂಜಿನ್ ಮತ್ತು ದೇಹದ ಕೆಲಸಕ್ಕೆ ಬಿ1.1, ಎಲೆಕ್ಟ್ರಾನಿಕ್ಸ್ ಕಡೆಗೆ ಬಿ2. ಕೋರ್ಸ್ ಮುಗಿದರೆ ಲೈಸೆನ್ಸ್ ಬಂತು ಅಂತ ಅಲ್ಲ. ಡಿಜಿಸಿಎ ಪರೀಕ್ಷೆಗಳನ್ನು ಪಾಸಾಗಬೇಕು, ನಿಜವಾದ ಹ್ಯಾಂಗರ್‌ನಲ್ಲಿ ಅನುಭವ ಪಡೆಯಬೇಕು. ಎ320ಯಂಥ ವಿಮಾನಕ್ಕೆ ಸಹಿ ಹಾಕಲು ಅದರ ಮೇಲೆ ಬೇರೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಗೇ ಸಂಬಂಧಿಸಿದ ಅರ್ಹತೆ ಬೇಕು. ಶುರುವಿನ ವರ್ಷಗಳಲ್ಲಿ ಸಂಬಳ ಕಡಿಮೆ, ಟೈಪ್ ರೇಟಿಂಗ್ ಆದ ಮೇಲೆ ಏರುತ್ತದೆ. ಲೈಸೆನ್ಸ್ ಕಂಪನಿಯದಲ್ಲ, ಅವಳ ಹೆಸರಿನದು. ವಿಮಾನ ಬಿಡುವ ಸಹಿಗೆ ಅವಳೇ ಹೊಣೆ. ಮೇಲಿನವರು ಎಷ್ಟೇ ಒತ್ತಾಯಿಸಿದರೂ ಸಹಿ ಹಾಕಲ್ಲ ಎನ್ನುವ ಹಕ್ಕೂ ಅವಳದೇ.

ಸಂಸ್ಥೆಯವರನ್ನು ಭೇಟಿ ಮಾಡಿದಾಗ ಪ್ಲೇಸ್‌ಮೆಂಟ್ ಬ್ರೋಷರ್ ಪಕ್ಕಕ್ಕಿಟ್ಟು ಎರಡು ವಿಷಯ ಕೇಳಿ. ಹಾರುವ ಸ್ಥಿತಿಯ ವಿಮಾನದ ಮೇಲೆ ತರಬೇತಿ ಯಾವ ಹ್ಯಾಂಗರ್‌ನಲ್ಲಿ, ಎಷ್ಟು ತಿಂಗಳು? ಹೋದ ಬ್ಯಾಚಿನಲ್ಲಿ ಡಿಜಿಸಿಎ ಪರೀಕ್ಷೆಯ ಎಲ್ಲ ಮಾಡ್ಯೂಲ್ ಪಾಸಾಗಿ ಲೈಸೆನ್ಸ್ ಪಡೆದವರು ಎಷ್ಟು ಜನ? ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಫೀಸು ಕಟ್ಟಬೇಡಿ. ವಿಮಾನಗಳು ಹಗಲೆಲ್ಲ ಹಾರುವುದರಿಂದ ಈ ಕೆಲಸದ ದೊಡ್ಡ ಪಾಲು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರೊಳಗೆ ನಡೆಯುತ್ತದೆ. ಆ ಪಾಳಿಯ ಬಗ್ಗೆ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.